ವಯಲಿನ್ನಿನೊಳಗಿನ ಕಡ್ಡಿ

"ಮಾಸ್ಟ್ರೇ, ಇದರ ಸ್ವರ ಸತ್ತುಹೋಗಿದೆ."

ಪಾಸ್ಕಲ್ ತಲೆಯೆತ್ತಿದ. ಉಡುಪಿಯ ಕಡಿಯಾಳಿಯಲ್ಲಿ, ಅವನ ಮನೆಯ ಜಗಲಿಯಲ್ಲಿ ಒಬ್ಬಳು ಹುಡುಗಿ ವಯಲಿನ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದಳು.

"ಯಾರು ಕೊಂದದ್ದು?"

"ನಾನಲ್ಲಪ್ಪ. ತಾನೇ ಸತ್ತದ್ದು." ನಗು ಬಾರದಂತೆ ಅವಳು ಕೆಳತುಟಿ ಕಚ್ಚಿದಳು. ಆದರೆ ಕಣ್ಣಿಗೆ ಕಚ್ಚಿಕೊಳ್ಳಲು ತುಟಿ ಎಲ್ಲಿದೆ? ಅವು ನಕ್ಕೇಬಿಟ್ಟವು.

ಅದು ೧೯೭೭ರ ಜೂನ್. ಅವಳ ಹೆಸರು ಕಾನ್ಸೆಪ್ಟಾ. ಕಾಪುವಿನ ಶಾಲೆಯೊಂದರಲ್ಲಿ ಟೀಚರು, ಆದಿತ್ಯವಾರ ಇಗರ್ಜಿಯ ಹಾಡುಗಾರರ ಕೊಯರಿನಲ್ಲಿ ವಯಲಿನ್ ನುಡಿಸುವವಳು. ಪಾಸ್ಕಲ್ ಮಣಿಪಾಲದ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್. ಸಂಜೆ ಮತ್ತು ಶನಿವಾರಗಳಲ್ಲಿ, ತೀರಿಹೋದ ತಂದೆಯ ಉಳಿಗಳನ್ನು ಹಿಡಿದು ವಯಲಿನ್ ರಿಪೇರಿ ಮಾಡುತ್ತಿದ್ದ.

ಹಲ್ಲಿನ ಡಾಕ್ಟರರು ಬಳಸುವಂಥ ಪುಟ್ಟ ಕನ್ನಡಿಯನ್ನು ವಯಲಿನ್ನಿನ ಸೀಳಿನೊಳಗೆ ತೂರಿಸಿ ಅವಳಿಗೂ ತೋರಿಸಿದ. ಇಬ್ಬರ ತಲೆಗಳ ನಡುವೆ ಒಂದು ಗೇಣೂ ಇರಲಿಲ್ಲ. ಒಳಗೆ ಪೆನ್ಸಿಲಿಗಿಂತ ಸಣ್ಣದೊಂದು ಕಡ್ಡಿ ಮಗ್ಗುಲಾಗಿ ಬಿದ್ದಿತ್ತು.

"ಸೌಂಡ್ ಪೋಸ್ಟ್. ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನಿಂತಿರಬೇಕಾದದ್ದು. ಇದು ಬಿದ್ದರೆ ಸ್ವರ ಟೊಳ್ಳಾಗುತ್ತದೆ."

"ಅಂಟು ಹಾಕಿ ನಿಲ್ಲಿಸಿ."

"ಅಂಟು ಹಾಕಲಿಕ್ಕಿಲ್ಲ. ತಂತಿಗಳ ಬಿಗಿಗೇ ನಿಲ್ಲುವುದು. ಅದಕ್ಕೇ ನಾಲ್ಕೂ ತಂತಿ ಒಟ್ಟಿಗೆ ಸಡಿಲಿಸಬಾರದು. ಸಡಿಲಿಸಿದರೆ, ಮೆಲ್ಲ ತಟ್ಟಿದರೂ ಸಾಕು, ಬೀಳುತ್ತದೆ."

"ಹೌದಾ?" ಎಂದಳು ಕಾನ್ಸೆಪ್ಟಾ, ಬಹಳ ನಿಧಾನವಾಗಿ.

ಆಗಸ್ಟಿನಲ್ಲಿ ಅವಳು ಮತ್ತೆ ಬಂದಳು. ಕಡ್ಡಿ ಬಿದ್ದಿತ್ತು. ಮಳೆಗಾಲದ ತೇವಕ್ಕೆ ಮರ ಉಬ್ಬಿರಬೇಕು ಎಂದುಕೊಂಡ ಪಾಸ್ಕಲ್. ಅಕ್ಟೋಬರಿನಲ್ಲಿ ಮತ್ತೆ ಬಿತ್ತು. ಡಿಸೆಂಬರಿನಲ್ಲೂ ಬಿದ್ದಾಗ, ಒಣಹವೆಗೆ ಮರ ಕುಗ್ಗಿತೇ ಎಂದು ತಲೆ ಕೆರೆದುಕೊಂಡ. ಒಂದು ನೋಟ್‌ಪುಸ್ತಕದಲ್ಲಿ ತಾರೀಕು, ಉಷ್ಣತೆ, ಗಾಳಿಯ ತೇವಾಂಶ ಎಲ್ಲ ಬರೆದಿಟ್ಟ. ಗ್ರಾಫ್ ಹಾಕಿದ. ಯಾವ ರೇಖೆಯೂ ಯಾವ ರೇಖೆಗೂ ಹೊಂದಲಿಲ್ಲ.

"ತಂತಿ ಸಡಿಲಿಸಿದ್ರಾ?" ಎಂದು ಕೇಳಿದರೆ, "ಮರೆತೆ ಮಾಸ್ಟ್ರೇ," ಅನ್ನುವಳು. ಕಡ್ಡಿ ನಿಲ್ಲಿಸುವವರೆಗೆ ಎದುರಿನ ಸ್ಟೂಲಿನಲ್ಲಿ ಕೂತು, ಅವನ ಬೆರಳುಗಳನ್ನೇ ನೋಡುವಳು. ಅವನು ತಲೆಯೆತ್ತಿದರೆ ಅವಳ ನೋಟ ಸರಕ್ಕನೆ ಗೋಡೆಯ ಕ್ಯಾಲೆಂಡರಿಗೆ ಹಾರುವುದು. ಒಮ್ಮೆ ಅದು ಎರಡು ತಿಂಗಳು ಹಳೆಯ ಹಾಳೆ ಎಂದು ಅವನು ಹೇಳಿದ್ದಕ್ಕೆ, ಅವಳ ಮುಖ ಕಿವಿಯವರೆಗೂ ಕೆಂಪೇರಿತ್ತು.

"ರೋಗ ವಯಲಿನ್ನಿಗಾ, ಹುಡುಗಿಗಾ ಮಗಾ?" ಎಂದು ಅವನ ತಾಯಿ ಮ್ಯಾಗ್ಡಲಿನ್ ಬಾಯಿ ಮೇಲೆ ಸೆರಗಿಟ್ಟು ನಗುತ್ತಿದ್ದರು.

"ಹ್ಯುಮಿಡಿಟಿ ಅಮ್ಮಾ," ಎನ್ನುತ್ತಿದ್ದ ಅವನು, ಗಂಭೀರವಾಗಿ. ಆದರೂ ಶನಿವಾರಗಳಂದು ಎರಡೆರಡು ಸಲ ಕ್ಷೌರ ಮಾಡಿಕೊಳ್ಳುತ್ತಿದ್ದ.

ಏಪ್ರಿಲಿನಲ್ಲಿ ಅವಳು ಬಂದಾಗ ಕಣ್ಣಲ್ಲಿ ನಗುವಿರಲಿಲ್ಲ.

"ಹೆಜಮಾಡಿಯಿಂದ ಒಂದು ಸಂಬಂಧ ಬಂದಿದೆ. ಹುಡುಗ ಕುವೈಟಿನಲ್ಲಿ. ಮನೆಯಲ್ಲಿ ಉತ್ತರ ಕೇಳ್ತಾ ಇದ್ದಾರೆ." ಅವಳು ಪೆಟ್ಟಿಗೆಯನ್ನು ಅವನ ಮುಂದಿಟ್ಟಳು. "ನಾನು ಎಂತ ಹೇಳಲಿ?"

ಬೇಡ ಅನ್ನಿ ಎಂದು ಹೇಳಬೇಕೆನಿಸಿತು ಪಾಸ್ಕಲನಿಗೆ. ಆದರೆ ಲ್ಯಾಬಿನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಳೆಗಾಲದಲ್ಲಿ ಈ ಮನೆ ಮೂರು ಕಡೆ ಸೋರುತ್ತಿತ್ತು. "ವಯಲಿನ್ ಬಿಟ್ಟುಹೋಗಿ," ಎಂದ. "ಈ ಸಲ ಸರಿಯಾಗಿ ಮಾಡಿಕೊಡ್ತೇನೆ."

ಬಾಯಿಂದ ಆಗದ್ದನ್ನು ಕೈಯಿಂದ ಹೇಳುತ್ತೇನೆ ಎಂದು ಅವನು ನಿಶ್ಚಯಿಸಿದ್ದ. ತಂದೆ ಜೋಪಾನವಾಗಿಟ್ಟಿದ್ದ ಹಳೆಯ ಮರದಿಂದ ಹೊಸ ಕಡ್ಡಿ ಕೆತ್ತಿದ. ಉದ್ದ ಕೂದಲೆಳೆಯಷ್ಟು ಹೆಚ್ಚಾದರೂ ಮೇಲಿನ ಹಲಗೆ ಬಿರಿಯುತ್ತದೆ. ತುದಿಗಳಿಗೆ ಸೀಮೆಸುಣ್ಣ ಹಚ್ಚಿ, ಒಳಗೆ ನಿಲ್ಲಿಸಿ, ತೆಗೆದು, ಸುಣ್ಣ ಅಳಿಸಿದ ಕಡೆ ಮಾತ್ರ ಒಂದಿಷ್ಟು ಹೆರೆದು, ಮತ್ತೆ ನಿಲ್ಲಿಸಿದ. ಹನ್ನೊಂದು ಸಂಜೆ ಹೀಗೇ ಕಳೆಯಿತು. ಹನ್ನೊಂದನೆಯ ದಿನ ತಂತಿಗಳಿಲ್ಲದ ವಯಲಿನ್ನನ್ನು ಕುಲುಕಿ ನೋಡಿದ. ಕಡ್ಡಿ ಅಲುಗಲಿಲ್ಲ.

ಅವಳು ಬಂದಾಗ ಹೆಮ್ಮೆಯಿಂದ ಹೇಳಿದ: "ಇನ್ನು ಇದು ಬೀಳುವುದಿಲ್ಲ. ನಾಲ್ಕೂ ತಂತಿ ತೆಗೆದರೂ ಬೀಳುವುದಿಲ್ಲ. ನೀವು ಇಷ್ಟು ದೂರ ಬರಬೇಕಾಗಿಲ್ಲ."

"ಬರಬೇಕಾಗಿಲ್ಲವಾ?"

"ಬೇಕಾಗಿಲ್ಲ."

"ಮತ್ತೆ ಯಾವಾಗಲೂ?"

"ನಾನು ಗ್ಯಾರಂಟಿ ಕೊಡ್ತೇನೆ."

ಕಾನ್ಸೆಪ್ಟಾ ಪೆಟ್ಟಿಗೆಯ ಎರಡೂ ಕೊಂಡಿಗಳನ್ನು ಹಾಕಿದಳು. "ಒಳ್ಳೆಯದು ಮಾಸ್ಟ್ರೇ," ಎಂದಳು. ಅವಳು ಮೆಟ್ಟಿಲಿಳಿದು ಹೋದಮೇಲೆ ಮ್ಯಾಗ್ಡಲಿನ್ ಒಳಗಿನಿಂದ ಬಂದು ಮಗನನ್ನು ನೋಡಿ, ಖಾಲಿ ಸ್ಟೂಲನ್ನು ಗೋಡೆಯ ಬದಿಗೆ ಸರಿಸಿದರು.

ಮೇ ತಿಂಗಳಲ್ಲಿ ಕಾಪುವಿನ ಇಗರ್ಜಿಯಲ್ಲಿ, ವಾಡಿಕೆಯಂತೆ ಮೂರು ಆದಿತ್ಯವಾರ, ಅವಳ ಮದುವೆಯ ಪ್ರಕಟಣೆ ಓದಿದರಂತೆ.

ಎಂಟು ವರ್ಷ ಕಳೆದು, ೧೯೮೬ರ ಒಂದು ಶನಿವಾರ, ಅವಳು ಅದೇ ಜಗಲಿಯಲ್ಲಿ ಬಂದು ನಿಂತಳು. ಕೈಯಲ್ಲಿ ಬಳೆಗಳು ಹೆಚ್ಚಾಗಿದ್ದವು, ಮುಖ ಸಣ್ಣದಾಗಿತ್ತು.

"ಕುವೈಟಿನಿಂದ ರಜೆಯಲ್ಲಿ ಬಂದದ್ದು. ಪೆಟ್ಟಿಗೆ ತಾಯಿಮನೆಯಲ್ಲಿ ಮುಚ್ಚಿಟ್ಟಲ್ಲೇ ಇತ್ತು. ಹುಳು ಬೋವಿನ ಕೂದಲನ್ನೆಲ್ಲ ತಿಂದುಬಿಟ್ಟಿದೆ."

ಪಾಸ್ಕಲ್ ಕುದುರೆಬಾಲದ ಕೂದಲಿನ ಒಂದು ಎಳೆಗಂಟು ತೆಗೆದು, ಬಾಚಿ, ತಂತಿಗಳ ಮೇಲೆ ಎಳೆಯುವ ಆ ಬೋವಿಗೆ ಕಟ್ಟತೊಡಗಿದ. ಸ್ಟೂಲಿನಲ್ಲಿ ಕೂತ ಅವಳು ಈ ಸಲ ಕ್ಯಾಲೆಂಡರ್ ನೋಡಲಿಲ್ಲ.

"ಕಡ್ಡಿ ನಿಂತಿದೆಯಾ?" ಎಂದು ಕೇಳಿದ.

"ನಿಂತಿದೆ. ಬೀಳಿಸ್ಲಿಕ್ಕೆ ನಾನು ಎಷ್ಟು ಒದ್ದಾಡಿದೆ ಗೊತ್ತುಂಟಾ?"

ಅವನ ಕೈ ನಿಂತಿತು.

"ಮೊದಲನೆಯ ಆದಿತ್ಯವಾರ ಪ್ರಕಟಣೆ ಓದಿದ್ರು. ಇನ್ನು ಎರಡು ವಾರ ಬಾಕಿ. ಇನ್ನೊಂದೇ ಸಲ ನಿಮ್ಮನ್ನು ಕೇಳಬೇಕು ಅಂತ ನಾಲ್ಕೂ ತಂತಿ ಸಡಿಲಿಸಿದೆ. ಯಾವಾಗಲೂ ಮಾಡಿದ ಹಾಗೆ. ತಟ್ಟಿದೆ. ಬೀಳಲಿಲ್ಲ. ಹಾಸಿಗೆಗೆ ಬಡಿದೆ. ಎರಡನೆಯ ವಾರವೂ ಬಡಿದೆ. ವಯಲಿನ್ ಸರಿಯಾಗಿದ್ರೆ, ಹುಡುಗಿ ಒಬ್ಬಳೇ ಉಡುಪಿಗೆ ಹೋಗ್ಲಿಕ್ಕೆ ಮನೆಯಲ್ಲಿ ಎಂತ ಹೇಳುವುದು?"

ಯಾವಾಗಲೂ ಮಾಡಿದ ಹಾಗೆ! ಪಾಸ್ಕಲನಿಗೆ ತನ್ನ ಗ್ರಾಫು ಕಣ್ಣ ಮುಂದೆ ಬಂತು. ತೇವಾಂಶವನ್ನು ಅಳೆದಿದ್ದ, ಉಷ್ಣತೆಯನ್ನು ಅಳೆದಿದ್ದ. ಎದುರಿಗೆ ಕೂತವಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಬರಬೇಡಿ ಅಂದದ್ದಲ್ಲ ನಾನು," ಎಂದ, ತೊದಲುತ್ತಾ. "ಆ ಕಡ್ಡಿಗೆ ಹನ್ನೊಂದು ದಿನ ಕೂತಿದ್ದೆ. ನನಗೆ ಹೇಳ್ಲಿಕ್ಕೆ ಬರುತ್ತಿದ್ದದ್ದು ಅದೊಂದೇ ರೀತಿ."

"ಬಾಯಿಂದ ಹೇಳಬಾರದಿತ್ತಾ ಮಾರಾಯ," ಎಂದಳು. ಮಾಸ್ಟ್ರೇ ಬಿಟ್ಟು ಅವಳು ಅವನನ್ನು ಬೇರೆ ರೀತಿ ಕರೆದದ್ದು ಅದೇ ಮೊದಲು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವರು ಒಳ್ಳೆಯವರು. ನನ್ನನ್ನು ಚೆನ್ನಾಗಿಯೇ ನೋಡ್ಕೊಳ್ತಾರೆ. ಅದೂ ನಿಮಗೆ ಗೊತ್ತಿರಲಿ," ಎಂದಳು.

ಬೋ ಸಿದ್ಧವಾಯಿತು. ಅವಳು ತಂತಿಗಳನ್ನು ಶ್ರುತಿ ಮಾಡಿ ಒಂದೇ ಒಂದು ದೀರ್ಘ ಸ್ವರ ಎಳೆದಳು. ಜಗಲಿ ತುಂಬಿತು. ಎಂಟು ವರ್ಷ ಯಾರೂ ಕೇಳದ ಸ್ವರ. ಅವನ ಕೆಲಸದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ಆ ದಿನ ಮೊತ್ತಮೊದಲ ಬಾರಿಗೆ ಅವನು ಅವಳನ್ನು ಬಸ್ಸಿನವರೆಗೆ ಬಿಡಲು ಹೋದ. ಪೆಟ್ಟಿಗೆಯನ್ನು ತಾನೇ ಹಿಡಿದುಕೊಂಡು, ಅವಳ ಹಿಂದೆ ಮೆಟ್ಟಿಲು ಹತ್ತಿ, ಸೀಟಿನ ಮೇಲಿಟ್ಟ. ಕಂಡಕ್ಟರ್ ವಿಸಿಲ್ ಬಾಯಿಂದ ತೆಗೆದ.

"ಕಾಪುವಾ? ಇಬ್ಬರಾ?"

ಪಾಸ್ಕಲ್ ಬಾಯಿ ತೆರೆದ.

"ಒಬ್ಬಳೇ," ಎಂದಳು ಕಾನ್ಸೆಪ್ಟಾ. ಅವನು ಇಳಿಯಲಿ ಎಂದು ಬಸ್ಸು ಸ್ವಲ್ಪ ಹೊತ್ತು ಕಾಯಿತು.