ಮರಳಿಸದ ಲೈನ್ ಕ್ಲಿಯರ್

“ಏಳನೇ ಗುಂಡಿಗೆ ಮಾತ್ರ ಗುದ್ದಲಿ ಹಾಕಿಸಬ್ಯಾಡ್ರಿ ಸಾರೂ,” ಎಂದ ಸಬ್‌ಸ್ಟೇಷನ್ನಿನ ಹಳೆಯ ಆಪರೇಟರ್ ಸಾಯಿಲು. ಹೇಳುವಾಗ ಅವನು ಯಾರ್ಡಿನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಚಹಾದ ಲೋಟದೊಳಗೆ ನೋಡುತ್ತಿದ್ದ, ಅದರ ತಳದಲ್ಲಿ ಯಾರೋ ಕುಳಿತು ಕೇಳಿಸಿಕೊಳ್ಳುತ್ತಿರುವರೆಂಬಂತೆ.

ಎರ್ರಮಿಟ್ಟ ಸಬ್‌ಸ್ಟೇಷನ್ನಿಗೆ ಮಧುಕರ್ ಎಂಜಿನಿಯರಾಗಿ ಬಂದು ಹನ್ನೊಂದು ದಿನವಾಗಿತ್ತು. ಅಷ್ಟರಲ್ಲೇ ಮೂರನೇ ಲೈನಿನ ಹಳ್ಳಿಗಳಿಂದ ಇಪ್ಪತ್ತಾರು ಮೋಟರುಗಳು ಸುಟ್ಟ ದೂರು ಬಂದಿತ್ತು. ಇದ್ದಕ್ಕಿದ್ದಂತೆ ವೋಲ್ಟೇಜ್ ನೆಗೆಯುತ್ತಿತ್ತು. ಮನೆಮನೆಯ ಬಲ್ಬುಗಳು ಒಂದು ಕ್ಷಣ ಬೆಳ್ಳಗೆ ಕಣ್ಣರಳಿಸಿ ಸಾಯುತ್ತಿದ್ದವು. ಕಾರಣ ಅವನಿಗೆ ಗೊತ್ತಿತ್ತು. ತಂತಿಯಲ್ಲಿ ಉಕ್ಕಿ ಬಂದ ವಿದ್ಯುತ್ತು ಎಲ್ಲಾದರೂ ನೆಲಕ್ಕಿಳಿದು ತಣಿಯಬೇಕು. ಅದಕ್ಕೆಂದೇ ಯಾರ್ಡಿನಲ್ಲಿ ಎಂಟು ಅರ್ತ್ ಗುಂಡಿಗಳಿದ್ದವು: ಆಳುದ್ದದ ಗುಂಡಿ, ನಡುವೆ ಕೊಳವೆ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಒಣಗದಂತೆ ದಿನಕ್ಕೊಂದು ಕೊಡ ನೀರು. ಉಳಿದೆಲ್ಲ ಗುಂಡಿಗಳೂ ಮೀಟರಿಗೆ ಸರಿಯಾದ ಉತ್ತರ ಕೊಟ್ಟಿದ್ದವು. ಏಳನೆಯದು ಮಾತ್ರ ಬಾಗಿಲು ಹಾಕಿಕೊಂಡ ಮನೆಯ ಹಾಗೆ ಏನನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

“ಯಾಕೆ? ಅದರೊಳಗೆ ಯಾರಾದರೂ ಮಲಗಿದ್ದಾರಾ?”

“ಪೆಂಟಯ್ಯ ಅದಾನ್ರಿ.”

ಕತೆ ಚಿಕ್ಕದು. ಕಂಬ ಹತ್ತುವವನು ಮೊದಲು ಲೈನ್ ಕ್ಲಿಯರ್ ಚೀಟಿ ಪಡೆಯಬೇಕು. ಚೀಟಿಯ ಅರ್ಧ ಅವನ ಜೇಬಿನಲ್ಲಿ, ಇನ್ನರ್ಧ ಕಚೇರಿಯ ಪುಸ್ತಕದಲ್ಲಿ. ಅವನು ಇಳಿದು ಬಂದು, ಎರಡೂ ಅರ್ಧಗಳನ್ನು ಕೂಡಿಸಿ, ‘ಮರಳಿಸಿದೆ’ ಎಂದು ಸಹಿ ಹಾಕುವವರೆಗೆ ಆ ತಂತಿಗೆ ಯಾರೂ ಕರೆಂಟು ಕೊಡುವಂತಿಲ್ಲ. ಹನ್ನೆರಡು ವರ್ಷಗಳ ಹಿಂದೆ ಲೈನ್‌ಮನ್ ಪೆಂಟಯ್ಯ ಹಾಗೇ ಚೀಟಿ ಪಡೆದು ಮೂರನೇ ಲೈನಿನ ಕಂಬ ಹತ್ತಿದ. ಯಾರದೋ ದೊಡ್ಡವರ ಫೋನು ಬಂತೆಂದು ಅಂದಿನ ಸಾಹೇಬರು ತಾವೇ ಬ್ರೇಕರ್ ಹಾಕಿ ಲೈನಿಗೆ ಕರೆಂಟು ಬಿಟ್ಟರು. ಪೆಂಟಯ್ಯ ಕಂಬದ ಮೇಲೇ ಸತ್ತ. ಆಮೇಲೆ, ಚೀಟಿಯಿಲ್ಲದೆ ಹತ್ತಿದ್ದನೆಂದು ಬರೆದು ಕೈತೊಳೆದುಕೊಂಡರು. ಹೆಣದ ಜೇಬಿನಲ್ಲಿ ಸಿಕ್ಕ ಅರ್ಧ ಚೀಟಿಯನ್ನು ಹೆಂಡತಿ ಕಿಷ್ಟವ್ವ ಯಾರಿಗೂ ತೋರಿಸಲಿಲ್ಲ. ಬಾನಾಮತಿಯ ಮಾಟ ಬಲ್ಲವನೊಬ್ಬನ ಹತ್ತಿರ ಒಯ್ದಳು. ಬಂದವಳು ಅಮಾವಾಸ್ಯೆಯ ಸಂಜೆ ಏಳನೇ ಗುಂಡಿಯ ಇದ್ದಿಲು ಉಪ್ಪುಗಳ ನಡುವೆ ಏನನ್ನೋ ಹೂತಳು.

ಅಂದಿನಿಂದ ಮೂರನೇ ಲೈನಿಗೆ ಕರೆಂಟು ಕೊಡುವ ಮುನ್ನ ಸಾಯಿಲು ಆ ಗುಂಡಿಗೆ ನೀರು ಹಾಕಿ, “ಪೆಂಟನ್ನಾ, ಲೈನು ಕೊಡ್ಲೇನು?” ಎಂದು ಮೂರು ಸಲ ಕೇಳುತ್ತಿದ್ದ.

“ಸತ್ತವನ ಒಪ್ಪಿಗೆ ಪಡೆದು ಕರೆಂಟು ಕೊಡೋ ಇಲಾಖೆ ದೇಶದಲ್ಲಿ ನಮ್ಮದೊಂದೇ ಇರಬೇಕು,” ಮಧುಕರ್ ನಕ್ಕ.

“ಹೋದ ಸಾಹೇಬ್ರೂ ಹಿಂಗೇ ನಕ್ಕಿದ್ರು ಸಾರೂ. ಕೇಳದೇ ಲೈನು ಕೊಟ್ರು. ಮುಂದಿನ ನಾಕು ಹಲ್ಲು ಉದುರಿದ್ವು. ಈಗ ನಗೂದಿಲ್ಲಂತ.”

ಮರುದಿನ ಬೆಳಿಗ್ಗೆ ಇಬ್ಬರು ಆಳುಗಳು ಗುದ್ದಲಿ ಹಿಡಿದು ಬಂದಾಗ ಕಿಷ್ಟವ್ವ ತಂತಿಬೇಲಿಯ ಆಚೆ ನಿಂತಿದ್ದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಜೋಳದ ರೊಟ್ಟಿ, ಪಕ್ಕದಲ್ಲೊಂದು ಕರಿಯ ಮೇಕೆ.

“ಬಿಡ್ಡಾ, ನನ್ನಪ್ಪಾ, ಒಂದೇ ಒಂದು ಸಾಲು ಬರಿ. ಪೆಂಟಯ್ಯ ಚೀಟಿ ತಗೊಂಡೇ ಹತ್ತಿದ್ದ ಅಂತ. ನಿನಗಿಂತ ಮೊದಲ ಬಂದಾವ್ರಿಗೆಲ್ಲ ಕೇಳೀನಿ.”

“ಹನ್ನೆರಡು ವರ್ಷದ ಹಿಂದಿನ ಪುಸ್ತಕದಲ್ಲಿ ನಾನು ಹೇಗೆ ಬರೀಲಿ ಅವ್ವಾ? ನಿನ್ನ ಬಾನಾಮತಿಯವನಿಗೆ ಹೇಳು. ಅವನ ಕೈಬರಹ ಚೆನ್ನಾಗಿರಬಹುದು.”

ಆಳುಗಳು ನಕ್ಕರು. ಮುದುಕಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

“ಅಗಿಯೂದಾದ್ರ ಅಗಿ. ಸುತ್ತಿದ್ದು ಸಿಗತದ. ಬಿಚ್ಚೂದಾದ್ರ ಬಿಚ್ಚು, ಒಂದೊಂದೇ ಸುತ್ತು. ಕತ್ತರಿಸಬ್ಯಾಡ.”

ಮೂರಡಿ ಆಳದಲ್ಲಿ ಅದು ಸಿಕ್ಕಿತು. ಅಂಗೈಯಗಲದ ತಾಮ್ರದ ಸುರುಳಿ, ಹಸಿರು ಹಿಡಿದಿತ್ತು, ಸುತ್ತಿನ ಮೇಲೆ ಸುತ್ತು, ನೂರಾರು ಸುತ್ತು. ನಡುವೆ ಕೂದಲು ಸಿಕ್ಕಿಕೊಂಡಿತ್ತು. ಹನ್ನೆರಡು ವರ್ಷ ನೀರು ಕುಡಿದ ಗುಂಡಿಯ ಇದ್ದಿಲು ಆಗತಾನೇ ಒಲೆಯಿಂದ ತೆಗೆದಂತೆ ಒಣಗಿತ್ತು, ಬೆಚ್ಚಗಿತ್ತು. ಕೂದಲು ಸುಟ್ಟ ವಾಸನೆ ಮೇಲೆದ್ದಿತು. ಆಳುಗಳು ಗುದ್ದಲಿ ಬಿಟ್ಟು ಬೇಲಿಯ ತನಕ ಹಿಂದೆ ಸರಿದರು.

ಸುರುಳಿಯ ಸ್ವಭಾವ ಮಧುಕರನಿಗೆ ತಿಳಿಯದ್ದಲ್ಲ. ತನ್ನೊಳಗೆ ಹರಿಯುತ್ತಿದ್ದುದನ್ನು ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೆಲ್ಲಗೆ ಇಳಿಸಿದರೆ ಮೆಲ್ಲಗೆ ಸುಮ್ಮನಾಗುತ್ತದೆ. ತಟ್ಟನೆ ಕಡಿದರೆ, ಕೂಡಿಟ್ಟುಕೊಂಡ ಎಲ್ಲವನ್ನೂ ಒಂದೇ ಏಟಿಗೆ ಕಡಿದವನ ಮುಖಕ್ಕೆ ಎಸೆಯುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದ, ಪರೀಕ್ಷೆಯಲ್ಲಿ ಬರೆದಿದ್ದ. ಆದರೆ ಇದು ಮಣ್ಣಿನಲ್ಲಿ ಹೂತಿದ್ದ ಸುರುಳಿ. ಯಾವ ತಂತಿಗೂ ಸೇರಿರಲಿಲ್ಲ. ಇದರಲ್ಲಿ ಏನು ಹರಿದೀತು? ಬಿಚ್ಚುತ್ತ ಕೂರಲು ಪುರುಸೊತ್ತೂ ಇರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹಳ್ಳಿಗಳಿಗೆ ಮೋಟರಿನ ಕರೆಂಟು ಕೊಡಬೇಕಿತ್ತು. ಇಕ್ಕಳ ತೆಗೆದು ಕತ್ತರಿಸಿದ.

ಚಟ್ ಎಂದು ನೀಲಿ ಕಿಡಿ. ಮೊಣಕೈಯವರೆಗೆ ಜೋಮು.

“ಹಳೇ ತಾಮ್ರ. ಏನೋ ರಸಾಯನ,” ಎಂದು ಅವನು ಗಟ್ಟಿಯಾಗಿಯೇ ಹೇಳಿದ.

ಸುರುಳಿಯೊಳಗೆ ಎಂಟು ಮಡಿಕೆಯಾಗಿ ಚೀಟಿ ಇತ್ತು. ಪಡೆದವನ ಹೆಸರು ಪೆಂಟಯ್ಯ, ಮೂರನೇ ಲೈನು, ಬೆಳಿಗ್ಗೆ ಹತ್ತೂ ಇಪ್ಪತ್ತು, ಕೊಟ್ಟವರ ಸಹಿ. ‘ಮರಳಿಸಿದೆ’ ಎಂಬುದರ ಮುಂದೆ ಖಾಲಿ. ಆ ಖಾಲಿ ಜಾಗವನ್ನು ಅವನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ. ಹಾಗಾದರೆ ಮುದುಕಿ ಹೇಳಿದ್ದು ನಿಜ. ಬೇಲಿಯ ಕಡೆ ಕತ್ತೆತ್ತಿದ. ಕಿಷ್ಟವ್ವ ಹೋಗಿಬಿಟ್ಟಿದ್ದಳು. ಸಂಜೆ ನೋಡಿದರಾಯಿತು ಎಂದು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಹೊಸ ಇದ್ದಿಲು, ಹೊಸ ಉಪ್ಪು ತುಂಬಿದ್ದಾಯಿತು. ಮೀಟರು ಸರಿಯಾದ ಅಂಕಿ ತೋರಿಸಿತು. ಹನ್ನೆರಡಕ್ಕೆ ಸಾಯಿಲು ಕೊಡ ಹಿಡಿದು ಹೊರಡುವಷ್ಟರಲ್ಲಿ ಮಧುಕರ್ ಅಡ್ಡ ನಿಂತ.

“ಇವತ್ತಿನಿಂದ ಅದೆಲ್ಲ ಬೇಡ.”

“ಒಂದು ಮಾತು ಕೇಳಿಬಿಡ್ತೀನ್ರಿ. ಕೇಳಿದ್ರ ಏನು ಕಳಕೋತೀವಿ?”

“ನಾನೇ ಕೊಡ್ತೀನಿ, ನೋಡ್ತಿರು.”

ಬ್ರೇಕರ್ ಹಾಕಿದ.

ಒಂದು ಉಸಿರಿನಷ್ಟು ಹೊತ್ತು ಎಲ್ಲವೂ ಸರಿಯಾಗಿತ್ತು. ಆಮೇಲೆ ಮೀಟರಿನ ಮುಳ್ಳುಗಳು ಒಟ್ಟಿಗೇ ಬಲತುದಿಗೆ ಹೋಗಿ ಬಡಿದವು. ಕೋಣೆಯ ಟ್ಯೂಬ್‌ಲೈಟುಗಳು ಕಣ್ಣಿರಿಯುವ ಹಾಗೆ ಉರಿದು, ಒಂದೊಂದಾಗಿ ಸಿಡಿದವು. ಫೋನಿನೊಳಗಿಂದ ಹೊಗೆ. ಬ್ಯಾಟರಿಗಳ ಆಮ್ಲದ ವಾಸನೆ ಗಂಟಲಿಗೆ ಇಳಿಯಿತು. ಇಂಥ ಉಬ್ಬರಕ್ಕೆ ಬ್ರೇಕರ್ ತಾನಾಗಿ ಬಿದ್ದು ಲೈನು ಕಡಿಯಬೇಕು. ಬೀಳಲಿಲ್ಲ. ಮಧುಕರ್ ಹಿಡಿಕೆ ಹಿಡಿದು ಎಳೆದ. ಬರಲಿಲ್ಲ. ಇಬ್ಬರೂ ಜೋತುಬಿದ್ದರು. ಆ ಕಡೆಯಿಂದ ಯಾರೋ ಹಿಡಿದುಕೊಂಡಂತಿತ್ತು.

ಯಾರ್ಡಿನಲ್ಲಿ ಕೈಯಿಂದ ತೆಗೆಯುವ ಇನ್ನೊಂದು ಸ್ವಿಚ್ಚಿತ್ತು. ಅವನು ಅತ್ತ ಓಡಿದ. ಜಲ್ಲಿಯ ಮೇಲೆ ಇಪ್ಪತ್ತು ಹೆಜ್ಜೆ. ಏಳನೇ ಗುಂಡಿಯ ಪಕ್ಕದಲ್ಲಿ ಬಲಗಾಲನ್ನು ಮುಂದಿಟ್ಟ.

ನೆಲ ಕಚ್ಚಿತು.

ಅಂಗಾಲಿನಿಂದ ತೊಡೆಯವರೆಗೆ ಕಾದ ಸಲಾಕೆ. ಹೇಗೋ ಕಾಲನ್ನು ಹಿಂದಕ್ಕೆಳೆದು, ಎರಡೂ ಪಾದ ಜೋಡಿಸಿ, ತೂರಾಡಿ, ನಿಂತ. ನೋವು ನಿಂತಿತು. ಆಗ ಅರ್ಥವಾಯಿತು. ವಿದ್ಯುತ್ತು ನೆಲದಲ್ಲಿ ಹರಡಿದೆ. ನೀರಿಗೆ ಕಲ್ಲೆಸೆದಾಗಿನ ಬಳೆಗಳಂತೆ, ಬಳೆಯಿಂದ ಬಳೆಗೆ ವೋಲ್ಟೇಜ್ ಬೇರೆ. ಪಾದ ಜೋಡಿಸಿದವನಿಗೆ ಜೀವ. ಹೆಜ್ಜೆ ಇಟ್ಟವನಿಗೆ ಸಾವು.

“ಕಾಲು ಎತ್ತಬ್ಯಾಡ್ರಿ ಸಾರೂ!” ಬಾಗಿಲಿನಿಂದ ಸಾಯಿಲು ಕೂಗಿದ.

ಅಷ್ಟರಲ್ಲಿ ತೆರೆದ ಗೇಟಿನಿಂದ ಕಿಷ್ಟವ್ವನ ಮೇಕೆ ಒಳಗೆ ಬಂತು. ಮುಂಗಾಲು ಒಂದು ಬಳೆಯಲ್ಲಿ, ಹಿಂಗಾಲು ಇನ್ನೊಂದರಲ್ಲಿ. ಅದು ಅರಚಲೂ ಇಲ್ಲ. ಮಡಿಸಿಟ್ಟ ಕಂಬಳಿಯ ಹಾಗೆ ಕುಸಿಯಿತು. ಕಣ್ಣು ಮಾತ್ರ ಮಧುಕರನನ್ನೇ ನೋಡುತ್ತ ಉಳಿಯಿತು.

ಸಾಯಿಲು ಒಳಗಿನ ರಬ್ಬರು ಹಾಸನ್ನು ಬೀಸಿ ಎಸೆದ. ಅದು ಜಲ್ಲಿಗೆ ತಾಗಿದ್ದೇ ಗುಳ್ಳೆಯೆದ್ದು, ಗಂಧಕದ ಹೊಗೆಯುಗುಳುತ್ತ ಕರಗಿತು. ಪಾದಗಳನ್ನು ಇಂಚಿಂಚಾಗಿ ತೆವಳಿಸಿದರೆ ಪಾರಾಗಬಹುದೆಂದು ಮಧುಕರ್ ಓದಿದ್ದ. ಬಲಗಾಲನ್ನು ಬೆರಳಗಲ ಸರಿಸಿದ. ಮೊಣಕಾಲಿನ ತನಕ ಕಚ್ಚಿತು. ಪುಸ್ತಕದಲ್ಲಿ ಹಾಗಿರಲಿಲ್ಲ.

“ಮೇನ್ ಸ್ಟೇಷನ್ನಿಗೆ ಆಳು ಓಡಿಸು. ನಮಗೆ ಬರೋ ಕರೆಂಟನ್ನ ಅಲ್ಲಿಂದಲೇ ಕಡಿಯಲಿ!”

ಆಳು ಸೈಕಲ್ ಹತ್ತಿದ. ಬಿಸಿಲು ಬಿಳಿಯ ಗೋಡೆಯಾಗಿ ನಿಂತಿತ್ತು. ಜಲ್ಲಿಯ ಕಾವು ಬೂಟಿನ ತಳವನ್ನು ಮೆತ್ತಗಾಗಿಸಿತು. ಪಿಂಗಾಣಿ ಕಂಬಗಳ ಗುಂಯ್ ಎಂಬ ನಾದ ಹಲ್ಲುಗಳ ಬೇರಿನಲ್ಲಿ ಕೇಳುತ್ತಿತ್ತು. ಬಾಯಿಯಲ್ಲಿ ತಾಮ್ರದ ರುಚಿ. ಬೆವರು ಕಣ್ಣಿಗಿಳಿದರೂ ಕೈ ಎತ್ತಲು ಹೆದರಿಕೆ. ಸಮತೋಲ ತಪ್ಪಿದರೆ ಕಾಲು ತಾನಾಗಿಯೇ ಚಾಚೀತು. ಸುತ್ತ ಗೋಡೆಯಿಲ್ಲ, ಸರಪಳಿಯಿಲ್ಲ. ತೆರೆದ ಆಕಾಶ, ತೆರೆದ ಗೇಟು. ಇಷ್ಟು ವಿಶಾಲವಾದ ಬಯಲಿನಲ್ಲಿ ಅವನ ಪಾಲಿಗೆ ಉಳಿದದ್ದು ಎರಡು ಪಾದಗಳಷ್ಟು ನೆಲ.

ಮೂರು ತಾಸು ಕಳೆದವು. ನಾಲ್ಕೂ ಆಯಿತು. ತೊಡೆಗಳು ನಡುಗತೊಡಗಿದವು.

“ಸಾಯಿಲೂ! ಇನ್ನೂ ಕಡಿದಿಲ್ಲವಾ?”

ಸಾಯಿಲು ಬಾಗಿಲಿನ ಚೌಕಟ್ಟು ಹಿಡಿದುಕೊಂಡ. “ಕಡದು ಎರಡು ತಾಸು ಆತ್ರಿ ಸಾರೂ. ಸುತ್ತ ಯಾವ ಹಳ್ಳ್ಯಾಗೂ ಕರೆಂಟಿಲ್ಲ.”

ಮಧುಕರ್ ಬಲಗಾಲನ್ನು ಒಂದು ಕೂದಲಿನಷ್ಟು ಸರಿಸಿದ.

ನೆಲ ಕಚ್ಚಿತು.

ಅವನು ಕೂಗಿದ. ಅಮ್ಮನನ್ನು ಕೂಗಿದ, ಸಾಯಿಲುವನ್ನು ಕೂಗಿದ. ಕೊನೆಗೆ, ತನಗೇ ಅರಿವಿಲ್ಲದೆ, ಕಿಷ್ಟವ್ವನನ್ನು ಕೂಗಿದ.

ಅವಳು ಹೊತ್ತು ಇಳಿಯುವಾಗ ಬಂದಳು. ಸತ್ತ ಮೇಕೆಯನ್ನು ನೋಡಿ, “ಇದರಾಗ ನಿನ್ನನ್ಯಾಕ ಎಳಕೊಂಡ್ರವ್ವ,” ಎಂದಳು. ಆಮೇಲೆ ಬೇಲಿಗೆ ಮುಖ ತಂದಳು.

“ಬರೀತೀನಿ ಅವ್ವಾ. ನೀನು ಹೇಳಿದ ಸಾಲು ಬರೀತೀನಿ. ಚೀಟಿ ನನ್ನ ಹತ್ತಿರಾನೇ ಇದೆ!”

“ಬೆಳಿಗ್ಗೆ ಆ ಸಾಲು ಬರದಿದ್ರ ಅದೇ ಸಾಕಿತ್ತು ಬಿಡ್ಡಾ. ಬಿಚ್ಚಿದ್ರೂ ಸಾಕಿತ್ತು, ಅವನು ಮೆಲ್ಲಗ ಇಳದು ಬರ್ತಿದ್ದ. ಕತ್ತರಿಸಿಬಿಟ್ಟಿ. ಇನ್ನ ಆ ಚೀಟಿಗೆ ಬ್ಯಾರೆ ಹೆಸರು ಬೇಕು.”

“ಯಾರದು?”

“ಅದು ನಿಮ್ಮ ಇಲಾಖಿ ಪದ್ಧತಿ. ನನಗ್ಯಾಕ ಕೇಳ್ತಿ?”

ಪದ್ಧತಿ ಅವನಿಗೆ ಗೊತ್ತಿತ್ತು. ಕೆಲಸ ಮುಗಿಯುವ ಮುನ್ನ ಸರದಿ ಬದಲಾದರೆ, ಲೈನ್ ಕ್ಲಿಯರನ್ನು ಇನ್ನೊಬ್ಬ ತನ್ನ ಹೆಸರಿಗೆ ಬರೆದುಕೊಳ್ಳಬಹುದು. ಆಗ ಮೊದಲಿನವನು ಮನೆಗೆ ಹೋಗಬಹುದು. ಎರಡನೆಯವನು, ಮರಳಿಸುವವರೆಗೆ, ಜಾಗ ಬಿಟ್ಟು ಕದಲುವಂತಿಲ್ಲ.

ತೊಡೆ ಮತ್ತೊಮ್ಮೆ ನಡುಗಿತು. ಇನ್ನು ಕಾಲು ಗಂಟೆ ನಿಲ್ಲಬಹುದು. ಅಷ್ಟೂ ಇಲ್ಲವೇನೋ. ಕೈ ಜೇಬಿಗೆ ಹೋಯಿತು. ಚೀಟಿ ಬೆಚ್ಚಗಿತ್ತು. ಪೆನ್ನಿನ ಮುಚ್ಚಳ ಹಲ್ಲಿನಿಂದ ತೆಗೆದ. ಎದೆಯ ಮೇಲೆ ಕಾಗದವಿಟ್ಟು, ಬಗ್ಗದೆ, ನೋಡದೆ, ಬರೆದ. ಮಧುಕರ್. ದಿನಾಂಕ. ಸಹಿ.

ನಾದ ನಿಂತಿತು.

ಆ ಮೌನದಲ್ಲಿ ಏಳನೇ ಗುಂಡಿಯ ಬಳಿ ಜಲ್ಲಿ ಸರಿದ ಸದ್ದಾಯಿತು. ಒಂದು ಹೆಜ್ಜೆ. ಇನ್ನೊಂದು. ಬಹಳ ಹೊತ್ತು ಕಂಬದ ಮೇಲಿದ್ದು ಇಳಿದವನ ಭಾರದ, ಮರಗಟ್ಟಿದ ಹೆಜ್ಜೆಗಳು. ಕಾಣಲು ಏನೂ ಇರಲಿಲ್ಲ. ಹೆಜ್ಜೆಗಳು ಅವನ ಪಕ್ಕದಿಂದ ಹಾದು ಗೇಟಿನತ್ತ ಹೋದವು. ಸುಟ್ಟ ಕೂದಲಿನ ವಾಸನೆ ಹಿಂಬಾಲಿಸಿತು. ಕಿಷ್ಟವ್ವ ತಲೆಯ ಮೇಲೆ ಸೆರಗೆಳೆದುಕೊಂಡು ದಾರಿಬಿಟ್ಟಳು. ಆಮೇಲೆ, ಎರಡಾಳು ದೂರ ಬಿಟ್ಟು ಹಿಂದೆ ನಡೆದಳು.

“ನಡಿ, ರೊಟ್ಟಿ ಆರಿ ಹೋಗ್ಯಾವ,” ಎಂದು ಅವಳು ಮೆಲ್ಲಗೆ ಹೇಳುತ್ತಿದ್ದುದು ಮಧುಕರನಿಗೆ ಕೇಳಿಸಿತು.

ಅವನು ಕಾಲೆತ್ತಿದ. ಕಚ್ಚಲಿಲ್ಲ. ಓಡಿದ. ಗೇಟಿನ ಹೊಸ್ತಿಲಲ್ಲಿ ಬಲಗಾಲು ಆಚೆಗಿಟ್ಟ.

ನೆಲ ಕಚ್ಚಿತು.

ಆ ಸಂಜೆ, ಚಿಮಣಿ ದೀಪದಲ್ಲಿ, ಅವನೂ ಸಾಯಿಲುವೂ ಹಳೆಯ ಲೈನ್ ಕ್ಲಿಯರ್ ಪುಸ್ತಕಗಳನ್ನೆಲ್ಲ ನೆಲಕ್ಕೆ ಸುರಿದರು. ಚೀಟಿಯ ಇನ್ನರ್ಧ ಸಿಕ್ಕರೆ ಸಾಕು. ಎರಡನ್ನೂ ಕೂಡಿಸಿ ‘ಮರಳಿಸಿದೆ’ ಎಂದು ಬರೆದರೆ ಮುಗಿಯಿತು. ಹನ್ನೆರಡು ವರ್ಷ ಹಿಂದಿನ ಪುಸ್ತಕ ಸಿಕ್ಕಿತು. ಆ ದಿನದ ಪುಟವಿರಬೇಕಾದ ಕಡೆ ಹೊಲಿಗೆಗೆ ಅಂಟಿಕೊಂಡ ಕಂದು ಅಂಚಿತ್ತು. ಬೆರಳು ತಾಗಿದ್ದೇ ಅದು ಬೂದಿಯಾಗಿ ಉದುರಿತು.

“ಆ ಸಾಹೇಬ್ರು ಆವತ್ತೇ ಸುಟ್ರು,” ಎಂದ ಸಾಯಿಲು. “ಇದೇ ಕ್ವಾಣ್ಯಾಗ. ಬೆಂಕಿಕಡ್ಡಿ ಕೊಟ್ಟಾವ ನಾನೇ.”

ಮರುದಿನ ಹನ್ನೆರಡಕ್ಕೆ ಮಧುಕರ್ ಯಾರ್ಡಿನ ಅಂಚಿನಲ್ಲಿ, ತೆರೆದ ಗೇಟಿನ ಕಡೆ ನೋಡುತ್ತ ನಿಂತಿದ್ದ. ಪಾದಗಳು ತಮ್ಮಷ್ಟಕ್ಕೇ ಜೋಡಿಕೊಂಡಿದ್ದವು. ಹಳ್ಳಿಗಳು ಕರೆಂಟಿಗೆ ಕಾದಿದ್ದವು. ಸಾಯಿಲು ತುಂಬಿದ ಕೊಡ ಹಿಡಿದು ಹೊರಬಂದ. ಏಳನೇ ಗುಂಡಿಯನ್ನು ದಾಟಿದ. ಅವನ ಮುಂದೆ ಬಂದು ನಿಂತು, ಮುಖ ನೋಡದೆ, ಆ ಎರಡು ಪಾದಗಳ ಮೇಲೆ ನೀರು ಸುರಿದ.

ನೀರು ಚುಂಯ್ ಎಂದಿತು.

“ಮಧುಕರ್ ಸಾರೂ,” ಎಂದು ಅವನು ಮೊದಲನೆಯ ಸಲ ಕೇಳಿದ, “ಲೈನು ಕೊಡ್ಲೇನ್ರಿ?”