ಅತ್ತೆಯ ಉದ್ದ ಹೆಜ್ಜೆ

"ಇದನ್ನ ಇಲ್ಲಿ ಇಟ್ಟಿದ್ದು ಯಾರು?"

ಮರಳು ಹಾಸಿದ ಅಂಗಳದ ನಡುವೆ ನಿಂತು ಅವಳು ಕೇಳಿದಾಗ ಸುತ್ತಲಿದ್ದವರು ಮುಖ ಮುಖ ನೋಡಿಕೊಂಡರು. ಅವಳ ಕಾಲ ಬಳಿ ಕೆಂಪು ಬಿಳಿ ಪಟ್ಟೆಯ ಕಂಬಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಆಚೆ ಕೆಂಗಂದು ಬಣ್ಣದ ಹೆಣ್ಣುಕುದುರೆಯೊಂದು ಏನೂ ಆಗಿಲ್ಲವೆಂಬಂತೆ ಬಾಲ ಬೀಸುತ್ತಿತ್ತು. ಅದರಾಚೆ, ಸ್ಟ್ರೆಚರ್ ಮೇಲೆ, ಭುಜ ಹಿಡಿದುಕೊಂಡು ಅವಳ ಸೋದರತ್ತೆ.

"ನಾನು," ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದಳು. ಸೊಂಟಕ್ಕೆ ಅಳತೆಯ ಟೇಪು ಸಿಕ್ಕಿಸಿಕೊಂಡು, ಮೊಣಕಾಲವರೆಗೂ ಮರಳು ಮೆತ್ತಿಕೊಂಡ ಒಬ್ಬ ಗಂಡಸು. ಕುದುರೆಗಳು ಜಿಗಿಯಬೇಕಾದ ತಡೆಗಳನ್ನು ಎಲ್ಲಿ, ಎಷ್ಟು ದೂರಕ್ಕೆ ನಿಲ್ಲಿಸಬೇಕೆಂದು ತೀರ್ಮಾನಿಸುವವನು. ಸ್ಪರ್ಧೆಯ ಹಾದಿ ಕಟ್ಟುವವನು.

"ಅವಳ ವಯಸ್ಸೆಷ್ಟು ಅಂತ ಗೊತ್ತಾ ನಿಮಗೆ?"

"ಗೊತ್ತು."

ಅಷ್ಟೇ. ಕ್ಷಮೆಯಿಲ್ಲ, ಸಮಜಾಯಿಷಿಯಿಲ್ಲ. ಅವಳು ಎರಡೂ ಕೈಗಳಿಂದ ಅವನ ಎದೆಗೆ ದೂಡಿದಳು. ಅವನು ಹಿಂದಕ್ಕೆ ಸರಿದ. ಮರುಕ್ಷಣ ಅದೇ ಜಾಗಕ್ಕೆ ಬಂದು ನಿಂತ, ಇನ್ನೊಂದು ಸಲ ದೂಡುವುದಿದ್ದರೆ ಅವಳಿಗೆ ಅನುಕೂಲವಾಗಲೆಂಬಂತೆ.

ಎಂಥ ಮನುಷ್ಯ ಇವನು... ಎಂದುಕೊಳ್ಳುತ್ತಲೇ ಅವಳು ಸ್ಟ್ರೆಚರಿನ ಹಿಂದೆ ಓಡಿದಳು.

*

ಅತ್ತೆ ಹರೆಯದಲ್ಲಿ ಹರ್ಡಲ್ಸ್ ಓಟಗಾರ್ತಿ. ಮನೆಯ ಗೋಡೆಯ ಮೇಲೊಂದು ಫೋಟೋ ಇತ್ತು: ಒಂದು ಕಾಲು ನೇರ ಮುಂದಕ್ಕೆ, ಇನ್ನೊಂದು ಪಕ್ಕಕ್ಕೆ ಮಡಚಿಕೊಂಡು, ನೆಲದ ಹಂಗೇ ಇಲ್ಲದ ಒಬ್ಬ ಹುಡುಗಿ. ಸೋದರಸೊಸೆ ಹುಟ್ಟುವ ಹೊತ್ತಿಗೆ ಆ ಓಟ ಮುಗಿದಿತ್ತು. ಅವಳು ಕಂಡದ್ದು ಕತ್ತಿಗೆ ಸೀಟಿ ತೂಗುಹಾಕಿಕೊಂಡು ಕಾಲೇಜಿನ ಮಕ್ಕಳನ್ನು ಓಡಿಸುವ ಅತ್ತೆಯನ್ನು. ಆಮೇಲೆ ಮಂಡಿಗೆ ಪಟ್ಟಿ ಸುತ್ತಿಕೊಂಡು ಮೆಟ್ಟಿಲನ್ನು ಶಪಿಸುವ ಅತ್ತೆಯನ್ನು.

ಅಂಥವಳು ನಿವೃತ್ತಿಯ ಮರುವರ್ಷ, ಕುದುರೆ ಹತ್ತುತ್ತೇನೆ ಎಂದು ಊಟದ ಮೇಜಿನಲ್ಲಿ ಘೋಷಿಸಿದಳು. ಅಪ್ಪ ನೀರಿನ ಲೋಟ ಕೆಳಗಿಟ್ಟು, ತನ್ನ ಅಕ್ಕನಿಗೆ ಹುಚ್ಚು ಹಿಡಿದದ್ದು ಇದೇ ಮೊದಲಲ್ಲ, ಆದರೆ ನಾಲ್ಕು ಕಾಲಿನ ಹುಚ್ಚು ಇದೇ ಮೊದಲು ಎಂದರು. ಸೊಸೆಗೆ ಮಾತ್ರ ನಗು ಬರಲಿಲ್ಲ. ಈ ವಯಸ್ಸಲ್ಲಿ ಬಿದ್ದರೆ ನೋಡಿಕೊಳ್ಳುವವರು ಯಾರು ಎಂದು ಜಗಳ ತೆಗೆದಳು. ನಾನಂತೂ ನೋಡಲು ಬರುವುದಿಲ್ಲ ಎಂದಳು. ಹೇಳಿದಂತೆಯೇ ನಡೆದುಕೊಂಡಳು ಕೂಡ. ಪ್ರತಿ ಸ್ಪರ್ಧೆಗೂ ಅತ್ತೆ ಕರೆಯುವಳು, "ಬಾರೇ ಮುಂಗೋಪಿ, ಒಂದ್ಸಲ ನೋಡು". ಪ್ರತಿ ಸಲವೂ ಇವಳಿಗೆ ಲ್ಯಾಬಿನಲ್ಲಿ ಕೆಲಸ.

ಕೆಲಸವೇನೋ ನಿಜವೇ. ಅವಳು ದಂತವೈದ್ಯರಿಗೆ ಕೃತಕ ಹಲ್ಲು ಮಾಡಿಕೊಡುವವಳು. ಕಿಟಕಿ ಬದಿಯ ಮೇಜು, ಬೆರಳಿಗಂಟಿದ ಮೇಣ, ಪ್ಲಾಸ್ಟರಿನ ಬಿಳಿ ದವಡೆಗಳ ಸಾಲು. ಹಗಲಿಡೀ ಯಾರದೋ ಬಾಯಿಯ ಜೊತೆ ಮೌನ ಸಂಭಾಷಣೆ.

ಆ ದಿನ ಮಾತ್ರ ಯಾಕೋ ಹೋದಳು. ಅದೇ ದಿನ ಅತ್ತೆ ಬಿದ್ದಳು.

ಭುಜದ ಮೂಳೆ ಕೂಡಿಕೊಂಡಿತು. ಆದರೆ ಆಸ್ಪತ್ರೆಯ ಪರೀಕ್ಷೆಗಳಲ್ಲಿ ರಕ್ತದ ಒಂದು ಕಾಯಿಲೆ ಕಾಣಿಸಿಕೊಂಡಿತು. ಬೀಳುವುದಕ್ಕೆ ಎಷ್ಟೋ ಮೊದಲೇ ಒಳಗೆ ಸೇರಿಕೊಂಡದ್ದು. ಬಿದ್ದದ್ದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಬಿಡಿಸಿ ಹೇಳಿದರು. ಅತ್ತೆ ಮತ್ತೆ ಕುದುರೆ ಹತ್ತಲಿಲ್ಲ. ಒಂದು ಬೆಳಿಗ್ಗೆ ಫೋಟೋದ ಹುಡುಗಿಯಂತೆಯೇ ನೆಲ ಬಿಟ್ಟು ಹೋದಳು.

ಅತ್ತೆ ಬಿಟ್ಟುಹೋದದ್ದು ಶುಂಠಿಯನ್ನು, ಅಂದರೆ ಆ ಕೆಂಗಂದು ಕುದುರೆಯನ್ನು. ಜೊತೆಗೊಂದು ಕೋಪ. ಎರಡೂ ಸೊಸೆಯ ಪಾಲಿಗೆ ಬಂದವು.

*

ಭಾನುವಾರಗಳಲ್ಲಿ ಅವಳು ಕುದುರೆ ಕ್ಲಬ್ಬಿಗೆ ಹೋಗತೊಡಗಿದಳು. ಶುಂಠಿಗೆ ಕ್ಯಾರೆಟ್ ತಿನ್ನಿಸಲು ಎಂದು ಮನೆಯಲ್ಲಿ ಹೇಳುತ್ತಿದ್ದಳು. ನಿಜವಾಗಿ ಹೋಗುತ್ತಿದ್ದುದು ಅವನನ್ನು ಬೈಯಲು.

ಅವನು ಓಡಿಹೋಗುತ್ತಿರಲಿಲ್ಲ. ಕಂಬಗಳಿಗೆ ಬಣ್ಣ ಬಳಿಯುತ್ತಲೋ, ಮರಳನ್ನು ಸಮ ಮಾಡುತ್ತಲೋ ಕೇಳಿಸಿಕೊಳ್ಳುವನು. ಬೈಗುಳ ಮುಗಿದ ಮೇಲೆ ಕುಡಿಯಲು ನೀರು ತಂದುಕೊಡುವನು. ಆ ನೀರು ಕುಡಿಯುತ್ತ ಅವಳು ಪ್ರಶ್ನೆಗಳಿಗೆ ಇಳಿಯುವಳು. ಕೋಪಕ್ಕಿಂತ ಕುತೂಹಲ ಅವಳಲ್ಲಿ ಮೊದಲಿನಿಂದಲೂ ಒಂದು ಗುಲಗಂಜಿ ಹೆಚ್ಚು. ತನ್ನ ಜೊತೆ ಒಂದೇ ಸೂರಿನಡಿ ಬದುಕಿದ ಹೆಂಗಸಿನ ಕೊನೆಯ ವರ್ಷಗಳು ಈ ಅಪರಿಚಿತನ ಬಳಿ ಇದ್ದವಲ್ಲ...

ಅತ್ತೆ ಇಲ್ಲಿಗೆ ಮೊದಲು ಬಂದದ್ದು ಕುದುರೆಗಾಗಿ ಅಲ್ಲವಂತೆ. ಮಂಡಿಗೆ ಮೆತ್ತಗಿರುತ್ತದೆಂದು ಮುಂಜಾನೆ ಈ ಮರಳಿನ ಮೇಲೆ ನಡೆಯಲು ಬರುತ್ತಿದ್ದಳಂತೆ. ಗೇಟು ಹಾಕಿದ್ದು ಕಾಣಲಿಲ್ಲವೇ ಎಂದು ಇವನು ಗದರಿದಾಗ, "ಕಾಣ್ತಪ್ಪ. ಹಾರೋಣ ಅಂದ್ಕೊಂಡೆ, ಆಗ್ಲಿಲ್ಲ. ಹತ್ತಿ ಇಳಿದೆ," ಎಂದಳಂತೆ. ಅವತ್ತೇ ಅವನಿಗೆ 'ಟೇಪು' ಎಂದು ಹೆಸರಿಟ್ಟಳಂತೆ.

ಅವಳಿಗೆ ನಗು ಬಂತು. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಅಂದು ಬೇಗ ಹೊರಟಳು.

ಇನ್ನೊಂದು ಭಾನುವಾರ, ಆ ವಯಸ್ಸಿನಲ್ಲಿ ಕುದುರೆಯೇ ಯಾಕೆ ಬೇಕಿತ್ತು ಅವಳಿಗೆ ಎಂದು ಕೇಳಿದಳು.

ಅವನು ಬಣ್ಣದ ಕುಂಚ ಕೆಳಗಿಟ್ಟ. "ನಾನೂ ಕೇಳಿದ್ದೆ. ಓಡೋವಾಗ ತಡೆ ದಾಟೋಳು ನಾನೊಬ್ಬಳೇ, ಇಲ್ಲಿ ಇನ್ನೊಂದು ಜೀವಾನ ಒಪ್ಪಿಸ್ಬೇಕು ಅಂದ್ರು. ಇಡೀ ಜನ್ಮ ಯಾರನ್ನೂ ಏನೂ ಕೇಳಿದೋಳಲ್ಲ, ಈಗ ಈ ಶುಂಠಿ ಹತ್ರ ಕೇಳೋದನ್ನ ಕಲೀತಿದ್ದೀನಿ ಅಂದ್ರು."

ಅವಳು ಶುಂಠಿಯ ಕತ್ತಿಗೆ ಮುಖ ಒತ್ತಿಕೊಂಡು ನಿಂತಳು. ಪ್ರತಿ ಸ್ಪರ್ಧೆಗೂ ತನ್ನನ್ನು ಬಾ ಎಂದು ಕೇಳುತ್ತಿದ್ದಳಲ್ಲ ಅತ್ತೆ!

ಎಲ್ಲಕ್ಕೂ ಉತ್ತರ ಕೊಡುವವನು ಒಂದು ಪ್ರಶ್ನೆಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಆ ತಡೆಯನ್ನು ಯಾಕೆ ಅಲ್ಲಿಟ್ಟಿರಿ? ಶುಂಠಿ ಯಾಕೆ ಅಷ್ಟು ದೂರದಿಂದಲೇ ಜಿಗಿಯಲು ಹೋಗಿ ಕಂಬಕ್ಕೆ ಡಿಕ್ಕಿ ಹೊಡೆಯಿತು? ಆಗೆಲ್ಲ ಅವನು ಟೇಪಿನ ತುದಿಯನ್ನು ಎಳೆಯುವನು, ಬಿಡುವನು. "ತಡೆ ಇಟ್ಟಿದ್ದು ನಾನೇ," ಎನ್ನುವನು. ಮತ್ತೆ ಮೌನ.

ಆ ಮೌನವೇ ಅಪರಾಧದ ಸಾಕ್ಷಿ ಎಂದುಕೊಂಡಳು ಅವಳು.

*

ಅತ್ತೆಯ ನೆನಪಿಗೆ ಕ್ಲಬ್ಬು ಒಂದು ಸ್ಪರ್ಧೆ ಇಟ್ಟುಕೊಂಡಿತು. ಐವತ್ತು ದಾಟಿದ ಮೇಲೆ ಸವಾರಿ ಕಲಿತವರಿಗೆ ಮಾತ್ರ. ಮನೆಯವರ ಒಪ್ಪಿಗೆ ಕೇಳಲು ಕಾರ್ಯದರ್ಶಿ ಫೋನ್ ಮಾಡಿದರು. ಅವಳು ಒಪ್ಪಿದಳು, ಒಂದು ಷರತ್ತಿನ ಮೇಲೆ: ಹಾದಿ ಅವನು ಕಟ್ಟಬಾರದು. ಅತ್ತೆಯನ್ನು ಬೀಳಿಸಿದ ಕೈ ಅತ್ತೆಯ ಹೆಸರಿನ ಸ್ಪರ್ಧೆಯನ್ನು ಮುಟ್ಟಬಾರದು.

ಕಾರ್ಯದರ್ಶಿ ಗಂಟಲು ಸರಿಪಡಿಸಿಕೊಂಡರು. ವಿಷಯ ಮುಟ್ಟಿಸಿದರೆ ಅವನು ಕ್ಲಬ್ಬೇ ಬಿಟ್ಟು ಹೋದಾನು, ಬೇರೆ ಊರಿನ ಮೈದಾನವೊಂದು ಅವನನ್ನು ಕರೆಯುತ್ತಲೇ ಇದೆ ಎಂದರು. ನಿಮ್ಮಿಷ್ಟ, ಎಂದರು. ಫೋನ್ ಇಡುವ ಮುನ್ನ ಇನ್ನೊಂದು ಮಾತು ಸೇರಿಸಿದರು. "ಅವತ್ತು ನೀವು ಆಂಬುಲೆನ್ಸಲ್ಲಿ ಹೋಗ್ಬಿಟ್ರಿ ನೋಡಿ. ಆಮೇಲೆ ಬಂದ ಅಷ್ಟೂ ಜನ ಅವರು ಬಿದ್ದ ತಡೇನ, ಅದರ ಹಿಂದಿನದನ್ನ, ಎರಡನ್ನೂ ಸಲೀಸಾಗಿ ದಾಟಿದ್ರಮ್ಮ."

ಅಷ್ಟೂ ಜನ?

ಮರುದಿನ ಲ್ಯಾಬಿನಲ್ಲಿ ಅವಳ ಕೈಯಲ್ಲಿ ಒಂದು ದವಡೆ ಹಲ್ಲು ಹಟ ಹಿಡಿಯಿತು. ಹಲ್ಲು ಸರಿಯಾಗಿ ಕೂರದಿದ್ದಾಗ ಹಲ್ಲನ್ನೇ ಉಜ್ಜಲು ಹೋಗಬಾರದು. ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಮತ್ತೆ ಜೋಡಿಸಿ, ನಡುವೆ ಬಣ್ಣದ ಕಾಗದ ಇಟ್ಟು ಕಚ್ಚಿಸಿ, ಎಲ್ಲಿ ತಾಗುತ್ತದೆಂದು ನೋಡಬೇಕು. ತಪ್ಪು ಎಷ್ಟೋ ಸಲ ಎದುರಿನ ಹಲ್ಲಿನಲ್ಲಿರುತ್ತದೆ.

ಅವಳು ಮೇಣದ ಚಾಕುವನ್ನು ಕೆಳಗಿಟ್ಟಳು. ಏಪ್ರನ್ ಬಿಚ್ಚಿ, ವಾರದ ನಡುವೆಯೇ ಕ್ಲಬ್ಬಿನ ಹಾದಿ ಹಿಡಿದಳು.

ಅವನು ಸಾಮಾನು ಕಟ್ಟುತ್ತಿದ್ದ. ಸುದ್ದಿ ಮುಟ್ಟಿತ್ತು. ಅವಳನ್ನು ಕಂಡು ಎದ್ದು ನಿಂತ, ಎಂದಿನಂತೆ ಬೈಸಿಕೊಳ್ಳಲು ಸಿದ್ಧನಾಗಿ.

"ಆ ಎರಡು ತಡೆಗಳನ್ನ ಮತ್ತೆ ನಿಲ್ಲಿಸಿ," ಎಂದಳು. "ಅವತ್ತು ಇದ್ದ ಹಾಗೇ."

ಯಾಕೆ ಎಂದು ಅವನು ಕೇಳಲಿಲ್ಲ. ಟೇಪು ಹಿಡಿದು ಅಳೆದ, ಕಂಬ ಹೊತ್ತು ತಂದ, ಕೊಂಡಿಗಳಲ್ಲಿ ಇಟ್ಟ. ಬಿಸಿಲಿಗೆ ಅವನ ಬೆನ್ನು ಒದ್ದೆಯಾಯಿತು. ಅವಳು ನೋಡುತ್ತಲೇ ಇದ್ದಳು. ಎಷ್ಟು ಜೋಪಾನವಾಗಿ ಇಡುತ್ತಾನೆ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ...

ಎರಡು ತಡೆಗಳ ನಡುವಿನ ಈ ದೂರವನ್ನು ಸವಾರರು ಹೇಗೆ ಅರಿಯುತ್ತಾರೆಂದು ಕೇಳಿದಳು. ಸ್ಪರ್ಧೆಗೆ ಮುಂಚೆ ಎಲ್ಲರೂ ನಡೆದು ನೋಡುತ್ತಾರೆ ಎಂದ. ಪ್ರತಿ ಹೆಜ್ಜೆಯೂ ಒಂದೇ ಅಳತೆಯದಾಗಿರಬೇಕು. ಅಂಥ ನಾಲ್ಕು ಹೆಜ್ಜೆಗೆ ಕುದುರೆಯ ಒಂದು ದಾಪು. ಎಷ್ಟು ದಾಪು ಹಿಡಿಯುತ್ತದೆಂದು ಲೆಕ್ಕ ಹಾಕಿಕೊಂಡೇ ಕುದುರೆ ಏರುತ್ತಾರೆ. ಆ ಹೆಜ್ಜೆ ಮೈಗೆ ಹತ್ತುವವರೆಗೆ ಅತ್ತೆಗೂ ಇಲ್ಲೇ ಅಭ್ಯಾಸ ಮಾಡಿಸಿದ್ದನಂತೆ. ಹರ್ಡಲ್ಸಿನ ಕಾಲು ಅವರದು, ಮೊಟಕು ಮಾಡಿಕೊಳ್ಳಲು ತುಂಬ ಒದ್ದಾಡಿದರು, ಕೋಳಿ ನಡಿಗೆ ಎಂದು ಹಂಗಿಸುತ್ತಿದ್ದರು ಎಂದ.

ಅವನು ತೋರಿಸಿದಂತೆ ಅವಳು ನಡೆದಳು. ಆರು ದಾಪು.

ಹಿಂದಿರುಗಿ ಮೊದಲ ತಡೆಯ ಬಳಿ ನಿಂತು ಕಣ್ಣು ಮುಚ್ಚಿದಳು. ಆ ದಿನ ಅತ್ತೆ ನಡೆದದ್ದು ಅವಳಿಗೆ ನೆನಪಿತ್ತು. ಮರೆಯುವುದು ಹೇಗೆ? ಗೋಡೆಯ ಫೋಟೋ ಇಳಿದು ಬಂದು ನಡೆದಂತಿತ್ತು. ಸೊಂಟದಿಂದ ಎದ್ದು ಬರುವ ಹೆಜ್ಜೆ, ನೆಟ್ಟನೆಯ ಬೆನ್ನು, ಮಂಡಿಯ ನೋವಿನ ಸುಳಿವೂ ಇಲ್ಲ. ಪ್ರೇಕ್ಷಕರ ಸ್ಟ್ಯಾಂಡಿನಲ್ಲಿದ್ದ ಇವಳು ಎದ್ದು ನಿಂತು ಚಪ್ಪಾಳೆ ತಟ್ಟಿದ್ದಳು. ಅತ್ತೆ ಕೈ ಎತ್ತಿದ್ದಳು.

ಅದೇ ಉದ್ದ ಕಾಲು ಇವಳದೂ. ಅತ್ತೆಯಂತೆಯೇ ನಡೆದಳು.

ಐದು ದಾಪು.

ಎರಡನೆಯ ತಡೆಯ ಮುಂದೆ ಅವಳು ಅಲ್ಲಾಡದೆ ನಿಂತಳು. ಆರು ದಾಪಿನ ದೂರವನ್ನು ಐದು ಎಂದುಕೊಂಡು ಅತ್ತೆ ಶುಂಠಿಯನ್ನು ಓಡಿಸಿದಳು. ಐದಕ್ಕೆ ಜಿಗಿ ಎಂದಳು. ಪಾಪದ ಶುಂಠಿ, ಕೇಳಿದ್ದಕ್ಕೆ ಒಪ್ಪಿಕೊಂಡಿತು.

ಹಾಗಾದರೆ ಅವತ್ತು ಒಂದೇ ದಿನ ಅತ್ತೆ ಹಾಗೆ ನಡೆದದ್ದೇಕೆ?

ಕೇಳಲೆಂದು ತಿರುಗಿದಳು. ಅವನು ನೆಲ ನೋಡುತ್ತಿದ್ದ. ಆ ಬಗ್ಗಿದ ತಲೆಯಲ್ಲೇ ಅವಳಿಗೆ ಉತ್ತರ ಸಿಕ್ಕಿತು. ಮರಳಿನ ಮೇಲೆ ಕೂತುಬಿಟ್ಟಳು.

"ನಾನು ಬಂದಿದ್ದಕ್ಕೆ... ಅಲ್ವಾ?"

ಅವನು ಅವಳೆದುರು ಮಂಡಿಯೂರಿದ.

"ಆಸ್ಪತ್ರೆಯಲ್ಲಿ ಅವರೇ ನನಗೆ ಹೇಳಿದ್ರು. ಎರಡು ಹೆಜ್ಜೆ ಇಡೋ ಹೊತ್ತಿಗೇ ತಪ್ಪಾಗ್ತಿದೆ ಅಂತ ಗೊತ್ತಾಯ್ತಂತೆ. ಆದ್ರೆ ಅವಳು ಮೊದಲನೇ ಸಲ ನೋಡ್ತಿದ್ದಾಳೆ, ಅವಳೆದುರು ಕೋಳಿ ಥರ ನಡೀಲಾ, ಐದರಲ್ಲೇ ಹೇಗೋ ದಾಟಿಸ್ತೀನಿ ಅಂದ್ಕೊಂಡೆ ಅಂದ್ರು. ಭುಜಕ್ಕೆ ಕಟ್ಟು ಕಟ್ಟಿದ್ರು, ಆದ್ರೂ ನಗ್ತಾನೇ ಇದ್ರು. ಎಲ್ಲಾ ಪದಕ ಒಂದು ಕಡೆ, ಆ ಚಪ್ಪಾಳೆ ಒಂದು ಕಡೆ ಅಂದ್ರು. ಇದನ್ನ ಅವಳಿಗೆ ಹೇಳ್ಬೇಡ, ಅಳ್ತಾಳೆ ಅಂತ ನನ್ನ ಹತ್ರ ಮಾತು ತಗೊಂಡ್ರು."

ಅವಳು ಅತ್ತಳು. ತಡೆಯದೆ, ಮುಖ ಮುಚ್ಚಿಕೊಳ್ಳದೆ ಅತ್ತಳು. ಅಳುವಿನ ನಡುವೆ ಎಲ್ಲೋ ಒಂದು ಬಗೆಯ ನಗುವೂ ಇತ್ತು. ತಪ್ಪೆಂದು ತಿಳಿದೂ ತಿದ್ದಿಕೊಳ್ಳದೆ ನಡೆದುಬಿಟ್ಟಳಲ್ಲ, ಜಂಬದ ಹೆಂಗಸು! ತನಗೋಸ್ಕರ...

"ನೀವು ನೋಡ್ತಿದ್ರಲ್ಲ. ಅವಳನ್ನ ತಡೀಬಹುದಿತ್ತು," ಎಂದಳು ಕೊನೆಗೆ. ಅದು ಬೈಗುಳವಾಗಿರಲಿಲ್ಲ.

ಒಬ್ಬ ಸವಾರನಿಗೆ ಮಾತ್ರ ಸುಳಿವು ಕೊಡುವಂತಿಲ್ಲ, ಅದು ನಿಯಮ, ಎಂದು ಅವನು ಶುರುಮಾಡಿದ. ಅಲ್ಲಿಗೇ ನಿಲ್ಲಿಸಿದ. ಅವನ ಕಿವಿಗಳು ಕೆಂಪಾಗಿದ್ದವು.

"ನಿಯಮ ಇತ್ತು, ನಿಜ. ಆದ್ರೆ ನಾನು ಪೂರ್ತಿ ನೋಡ್ಲೇ ಇಲ್ಲ. ಇವರು ಯಾರನ್ನ ಕಂಡು ಹೀಗೆ ನಡೀತಿದ್ದಾರೆ ಅಂತ ಸ್ಟ್ಯಾಂಡ್ ಕಡೆ ತಿರುಗಿದೆ. ನೀವು ಎದ್ದು ನಿಂತು ಚಪ್ಪಾಳೆ ಹೊಡೀತಿದ್ರಿ. ಆಮೇಲೆ... ಈ ಕಡೆ ತಿರುಗೋದೇ ಮರ್ತುಹೋಯ್ತು."

ಮರಳಿನ ಮೇಲೆ ಗಾಳಿ ಸುಳಿಯಿತು. ಲಾಯದೊಳಗೆ ಶುಂಠಿ ಗೊರಸು ಕುಟ್ಟಿತು. ಅವಳು ಅವನನ್ನೇ ನೋಡಿದಳು, ಇದೇ ಮೊದಲ ಸಲ ಕಂಡವಳಂತೆ. ರೆಪ್ಪೆಯ ಮೇಲೆ ಬಣ್ಣದ ಒಂದು ಚುಕ್ಕೆ ಒಣಗಿತ್ತು. ಇಷ್ಟು ಭಾನುವಾರ ಇದು ತನಗೆ ಕಾಣಲಿಲ್ಲವೇಕೆ?

"ಅಷ್ಟು ಬೈದೆ ನಿಮ್ಮನ್ನ. ಒಂದ್ಸಲನಾದ್ರೂ ಬಾಯಿ ಬಿಡಬಹುದಿತ್ತು."

"ಬಿಟ್ಟಿದ್ರೆ ನಿಮ್ಮನ್ನ ನೀವೇ ಬೈಕೊಳ್ತಿದ್ರಿ, ಅದೂ ಮನೇಲಿ ಕೂತು. ನನ್ನನ್ನ ಬೈಯೋಕೆ ಇಲ್ಲಿವರೆಗೂ ಬರ್ತಿದ್ರಿ."

ಅವಳು ಎದ್ದು ಬಟ್ಟೆಯ ಮರಳು ಕೊಡವಿಕೊಂಡಳು. ಕಟ್ಟಿಟ್ಟಿದ್ದ ಅವನ ಸಾಮಾನಿನತ್ತ ನಡೆದು, ಗಂಟು ಬಿಚ್ಚಿದಳು. ಕಾರ್ಯದರ್ಶಿಗೆ ಫೋನ್ ಮಾಡಿ ಷರತ್ತನ್ನು ಹಿಂದಕ್ಕೆ ತೆಗೆದುಕೊಂಡಳು. ಹಾದಿಯನ್ನು ಅವನೇ ಕಟ್ಟಬೇಕು. ಆ ಎರಡು ತಡೆಗಳು ಈಗ ಇರುವ ಜಾಗದಲ್ಲೇ ಇರಬೇಕು ಎಂದಳು.

ಫೋನ್ ಇಟ್ಟು ತಿರುಗಿದಾಗ ಅವನು ಅಲ್ಲೇ ನಿಂತಿದ್ದ, ಕೈಯಲ್ಲಿ ಅವಳಿಗೆಂದು ನೀರು ಹಿಡಿದುಕೊಂಡು.

"ಇನ್ನು ಬೈಯೋಕೆ ಏನೂ ಉಳಿದಿಲ್ಲ," ಎಂದಳು.

"ಅದೇ ಭಯ ನನಗೆ."

ಅವಳು ನೀರು ತೆಗೆದುಕೊಂಡಳು. ಕೊಟ್ಟ ಕೈಯನ್ನೂ ಬಿಡಲಿಲ್ಲ.

"ಒಂದು ಉಳಿದಿದೆ. ಇಷ್ಟು ದಿನ ಇದನ್ನ ಹೇಳದೆ ಕಾಯ್ಸಿದ್ರಲ್ಲ, ಅದು. ಬೈದು ಮುಗಿಸೋಕೆ ವರ್ಷಗಟ್ಟಲೆ ಬೇಕು."

"ಅವಸರ ಏನಿಲ್ಲ," ಎಂದ ಅವನು. "ನಿಧಾನಕ್ಕೇ ಬೈಯಿರಿ."