ಆರದ ಸೆನ್ಸರ್

ರಾಣೆಬೆನ್ನೂರಿನಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಇಂಥದ್ದು ನೋಡಿದ್ದು ಇದೊಂದೇ ಸಲ.

ಬ್ಯಾಡಗಿಯ ನರ್ಸ್ ಮಹೇಶ್ವರಿ ಅವರ ಕಾರಿಗೆ ಕಂಪನಿಯದಲ್ಲದ ಟೆಂಪರೇಚರ್ ಸೆನ್ಸರ್ ಹಾಕಿಕೊಟ್ಟಿದ್ದೆ. ಮೂರೇ ದಿನಕ್ಕೆ ಎಂಜಿನ್ ದೀಪ ಹತ್ತಿತೆಂದು ವಾಪಸು ತಂದರು. ಎಂಜಿನ್ ಪೂರ್ತಿ ಆರಲಿ ಎಂದು ಕಾರನ್ನು ರಾತ್ರಿ ಶೆಡ್ಡಿನಲ್ಲೇ ಇರಿಸಿಕೊಂಡೆ.

ಮರುದಿನ ಮುಂಜಾನೆ ಸ್ಕ್ಯಾನರ್ ಹಚ್ಚಿದೆ. ಹೊರಗಿನ ಗಾಳಿ ಹತ್ತೊಂಬತ್ತು ಡಿಗ್ರಿ, ಎಂಜಿನ್ ಮೂವತ್ತೇಳು. ಎರಡೂ ಒಂದೇ ಇರಬೇಕಿತ್ತು. ಈ ವ್ಯತ್ಯಾಸಕ್ಕೇ ದೀಪ ಹತ್ತುತ್ತಿತ್ತು. ಸೆನ್ಸರ್ ಕೆಟ್ಟಿದೆ ಎಂದುಕೊಂಡು ಬಿಚ್ಚಿದೆ. ಎಂಜಿನ್ ತಣ್ಣಗಿತ್ತು. ಕೈಯಲ್ಲಿದ್ದ ಹಿತ್ತಾಳೆಯ ತುಣುಕು ಮಾತ್ರ ಬೆಚ್ಚಗಿತ್ತು, ಮಲಗಿದ ಮಗುವಿನ ಕಿವಿಯಂತೆ. ಅರ್ಧ ತಾಸು ಐಸ್ ನೀರಿನಲ್ಲಿಟ್ಟು ತೆಗೆದೆ. ಆಗಲೂ ಬೆಚ್ಚಗೇ ಇತ್ತು.

ಕಾರು ಒಯ್ಯಲು ಬಂದ ಮಹೇಶ್ವರಿ ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು.

"ಹಳೇ ಗಾಡೀದೇನ್ರಿ ಇದು?"

"ಇಲ್ರಿ, ಹೊಸಾದು. ಡಬ್ಬಿ ನಾನ ಒಡದೇನಿ."

"ಒಗೀಬ್ಯಾಡ್ರಿ," ಎಂದರು.

ಕಾರಿಗೆ ಕಂಪನಿಯ ಸೆನ್ಸರ್ ಹಾಕಿದೆ, ದೀಪ ಆರಿತು. ಈ ತುಣುಕನ್ನು ಹತ್ತಿಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಹತ್ತಿ ಯಾಕೆ ಸುತ್ತಿದೆನೋ ನನಗೇ ಗೊತ್ತಿಲ್ಲ. ದಿನಾ ಒಮ್ಮೆ ಮೀಟರಿಗೆ ಜೋಡಿಸಿ ಬಿಸಿ ಎಷ್ಟಿದೆ ಎಂದು ನೋಡುವುದು ರೂಢಿಯಾಗಿದೆ. ನಾಲ್ಕು ತಿಂಗಳು ಮೂವತ್ತೇಳು ದಾಟಿರಲಿಲ್ಲ.

ನಿನ್ನೆ ಮಹೇಶ್ವರಿಗೆ ಫೋನ್ ಮಾಡಿದೆ.

"ಮೂವತ್ತೊಂಬತ್ತು ತೋರಸಾಕತ್ತೈತ್ರಿ."

ಅವರು ದವಾಖಾನೆಯಲ್ಲಿ ಕೇಳುವ ಹಾಗೆಯೇ ಕೇಳಿದರು: "ಯಾವಾಗಿಂದ ಐತ್ರಿ?"

"ಮೂರು ದಿನಾ ಆತ್ರಿ," ಎಂದೆ.